ಆರ್ಡಿಸ್ ಭರಣಿಯನ್ನು ಖಾಲಿ ಕೊಟ್ಟಳು

"ನೋಡೇ ಲವಾನ್, ನೋಡು! ಆ ಕಾಫಿ ಕಪ್ಪು ಖಾಲಿ!"

ನಮ್ಮ ಹಾಲ್ವಿಕ್ ಊರಿನ ಲೂಥರನ್ ಚರ್ಚಿನ ನೆಲಮಾಳಿಗೆಯಲ್ಲಿ ಶನಿವಾರ ಮಧ್ಯಾಹ್ನ ಈ ಕೂಗು ಏಳಲಿಲ್ಲವೆಂದರೆ ಆರ್ಡಿಸ್ ಟಾಲೆಫ್ಸನ್‌ಗೆ ಮೈ ಸರಿಯಿಲ್ಲ ಅಂತಲೇ ಅರ್ಥ. ಲವಾನ್ ಅಂದರೆ ನಾನೇ, ಊರಿನ ಪಾರ್ಲರಿನವಳು. ನಾವೊಂದಷ್ಟು ಹೆಂಗಸರು ಅಲ್ಲಿ ಮಡಚುವ ಕುರ್ಚಿ ಹಾಕಿಕೊಂಡು, ಇಲ್ಲದವರಿಗೆ ಕಳಿಸುವ ಕೌದಿ ಹೊಲಿಯುತ್ತಾ, ಕ್ರೈಸ್ತ ಚಾನೆಲ್ಲಿನ ಸಿಹಿ ಸಿನಿಮಾ ನೋಡುತ್ತೇವೆ. ಪ್ರತಿ ಸಿನಿಮಾದಲ್ಲೂ ನಮ್ಮಂಥದೇ ಒಂದು ಪುಟ್ಟ ಊರು, ಪಟ್ಟಣದಿಂದ ಬಂದ ಒಬ್ಬಳು ವಕೀಲೆ, ಚೌಕುಳಿ ಅಂಗಿಯ ಒಬ್ಬ ಬಡಗಿ. ಅವಳು ಅಜ್ಜಿಯ ಮನೆ ಮಾರಲು ಬರುತ್ತಾಳೆ, ಅವನು ಬೇಲಿ ರಿಪೇರಿ ಮಾಡುತ್ತಾನೆ. ಒಂದು ಪ್ರಾರ್ಥನೆ, ಒಂದು ಮುತ್ತು, ಮೇಲಿಂದ ಹಿಮ. ನಮಗೆಲ್ಲ ಕಣ್ಣಲ್ಲಿ ನೀರು. ಆರ್ಡಿಸ್‌ಗೆ ಮಾತ್ರ ಮೂಗಿನ ತುದಿಯಲ್ಲಿ ಕೋಪ.

"ಕಾಫಿ ತುಂಬಿರೋ ಕಪ್ಪನ್ನ ಯಾರಾದ್ರೂ ಹಂಗೆ ಬೀಸ್ತಾರೇನೇ? ಮಾತಾಡ್ತಾ ಆಡ್ತಾ ಗಿರಗಿರ ತಿರುಗಿಸ್ತಾಳೆ, ಒಂದು ತೊಟ್ಟು ಚೆಲ್ಲಲ್ಲ! ಎರಡು ಹನಿ ಕಾಫಿ ಹಾಕೋಕೆ ಗತಿ ಇಲ್ದೋರು ನಮಗೆ ಪ್ರೀತಿ ತೋರಿಸ್ತಾರಂತೆ!"

"ಸುಮ್ನಿರೇ ಮಾರಾಯ್ತಿ, ಮುತ್ತು ಕೊಡೋ ಹೊತ್ತಾಯ್ತು," ಅನ್ನುತ್ತಾಳೆ ಮಾವಿಸ್. ಚರ್ಚಿನ ಅಡುಗೆಮನೆಯ ಯಜಮಾನಿ ಅವಳು. ಪಾದ್ರಿಯೂ ಅವಳನ್ನು ಕೇಳದೆ ಅಲ್ಲಿನ ಚಮಚ ಮುಟ್ಟುವುದಿಲ್ಲ.

"ಕೊಡ್ಲಿ ಬಿಡು. ಕ್ರೈಸ್ತ ಸಿನಿಮಾ ಅಂತೀರಿ, ಚರ್ಚಿನ ಗೋಪುರ ಬಿಟ್ರೆ ಏನಾದ್ರೂ ಕಾಣುತ್ತಾ? ಒಳಗೆ ಪ್ರವಚನ ಕೇಳ್ತಾ ತೂಕಡಿಸೋ ಒಬ್ಬೇ ಒಬ್ಬ ಗಂಡಸನ್ನ ತೋರಿಸ್ಲಿ, ಆಗ ನಂಬ್ತೀನಿ. ಜನವರಿ ಚಳೀಲಿ ಕೋಟಿನ ಗುಂಡಿ ಹಾಕಲ್ಲ, ಟೋಪಿ ಇಲ್ಲ, ಮೂಗು ಸೋರಲ್ಲ. ನಮ್ಮೂರಲ್ಲಿ ಹಂಗೆ ನಿಂತು ಮುತ್ತು ಕೊಟ್ರೆ ತುಟಿ ತುಟಿ ಅಂಟ್ಕೊಂಡು ಆಸ್ಪತ್ರೆಗೆ ಒಯ್ಬೇಕಾಗುತ್ತೆ."

ಆದರೆ ಅವಳಿಗೆ ನಿಜವಾಗಿ ರಕ್ತ ಕುದಿಯುತ್ತಿದ್ದದ್ದು ಸಿನಿಮಾ ಮುಕ್ಕಾಲು ಮುಗಿದಾಗ. ಅಲ್ಲಿ ಯಾವಾಗಲೂ ಒಂದು ತಪ್ಪು ತಿಳಿವಳಿಕೆ ಬರುತ್ತದೆ. ವಕೀಲೆಯ ಪಕ್ಕದಲ್ಲಿ ಯಾರೋ ಪಟ್ಟಣದವನು ನಿಂತದ್ದನ್ನು ಬಡಗಿ ನೋಡಿ, ಮುಖ ಸಣ್ಣ ಮಾಡಿಕೊಂಡು ಹೊರಟುಹೋಗುತ್ತಾನೆ. ಅವಳು ಪೆಟ್ಟಿಗೆ ಕಟ್ಟುತ್ತಾಳೆ. ಆಗ ಆರ್ಡಿಸ್ ಬೆರಳಿನ ಅಂಗುಸ್ತಾನ ಕಿತ್ತು ಟಿವಿಗೆ ಎಸೆಯುತ್ತಿದ್ದಳು. "ಬಾಯಿ ಬಿಟ್ಟು ಕೇಳೇ ಮುಂಡೇದೇ! ಒಂದು ಮಾತು! ಒಂದೇ ಒಂದು ಮಾತು ಕೇಳಿದ್ರೆ ಸಿನಿಮಾ ಮುಗಿದು ನಾವೆಲ್ಲ ಮನೆಗೆ ಹೋಗಿ ಅಡುಗೆ ಮಾಡ್ಕೋಬಹುದು!"

ಇಷ್ಟು ಬೈಯುವವಳು ಯಾಕೆ ಒಂದು ಶನಿವಾರವೂ ತಪ್ಪಿಸುವುದಿಲ್ಲ ಅಂತ ನಾನೊಮ್ಮೆ ಕೇಳಿದ್ದೆ. "ಒಂದ್ಸಲನಾದ್ರೂ ಸರಿಯಾಗಿ ಮಾಡ್ತಾರೇನೋ ಅಂತ," ಅಂದಳು. ನನಗೆ ಅಂದೇ ಅರ್ಥವಾಯಿತು. ನಮಗೆಲ್ಲ ಸಕ್ಕರೆ ಸಿಕ್ಕರೆ ಸಾಕಿತ್ತು. ನಂಬಬೇಕು ಅನ್ನುವ ಆಸೆ ಇದ್ದದ್ದು ಅವಳಿಗೊಬ್ಬಳಿಗೇ.

ಆರ್ಡಿಸ್ ನಮ್ಮೂರ ಶಾಲೆಯ ಅಡುಗೆಯವಳಾಗಿದ್ದವಳು. ಅಮೆರಿಕದ ಈ ಮಿನ್ನೆಸೋಟದ ಮೂಲೆಯಲ್ಲಿ ನಲವತ್ತರ ಕೆಳಗಿನ ಯಾರ ಮೈ ಮುಟ್ಟಿದರೂ ಅದು ಆರ್ಡಿಸ್ ಹಾಕಿದ ಅನ್ನವೇ. ಅವಳ ಗಂಡ ಹಾರ್ಲನ್ ಒಳ್ಳೆಯವನು, ಮಾತು ಕಮ್ಮಿ. ಮದುವೆಗೆ ಮುಂಚೆ ಅವನು ದನದ ಮೇವಿನ ಅಂಗಡಿಯಲ್ಲಿ ಮೂಟೆ ಹೊತ್ತುಕೊಂಡೇ ಇವಳನ್ನು ಕೇಳಿದ್ದು: "ಜೂನ್‌ನಲ್ಲಿ ಬಿಡುವಿದ್ಯಾ?" ಇವಳು ಅಂದದ್ದು: "ಮೊದಲ ಎರಡು ವಾರ ಸ್ಟ್ರಾಬೆರಿ ಜ್ಯಾಮ್ ಇದೆ." ಮೂರನೆಯ ವಾರ ಮದುವೆಯಾಯಿತು. "ಅದು ಪ್ರೀತಿ," ಅನ್ನುತ್ತಿದ್ದಳು ಟಿವಿಯ ಕಡೆ ಬೆರಳು ತೋರಿಸಿ, "ಹಿಮ ಗಿಮ ಏನೂ ಬೀಳ್ಲಿಲ್ಲ, ಅವನ ಬೆನ್ನಿನ ಮೇಲಿಂದ ಹೊಟ್ಟು ಉದುರ್ತಿತ್ತು." ಹಾರ್ಲನ್ ತೀರಿಕೊಂಡು ಬಹಳ ವರ್ಷಗಳಾದವು. ಅವಳು ಒಂಟಿಯಾಗಿ ಚೆನ್ನಾಗಿಯೇ ಇದ್ದಳು, ಅಥವಾ ಹಾಗೆ ಹೇಳುತ್ತಿದ್ದಳು.

ಇನ್ನು ಎಲ್ರಾಯ್ ಬ್ರೆಕೆಯ ವಿಷಯ. ಊರಿನ ಶೌಚಗುಂಡಿಗಳನ್ನೆಲ್ಲ ಬಳಿದು ಖಾಲಿ ಮಾಡುವ ಹಸಿರು ಟ್ಯಾಂಕರ್ ಅವನದು. ಮದುವೆಯಾಗಿಲ್ಲ, ತಲೆಯಲ್ಲಿ ಕೂದಲೂ ಇಲ್ಲ. ಅದಕ್ಕೇ ನನ್ನ ಪಾರ್ಲರಿಗೆ ಅವನಿಂದ ಏನೂ ಲಾಭವಿಲ್ಲ. ಚೌಕುಳಿ ಅಂಗಿ ಮಾತ್ರ ಇದೆ. ಸಂಕೋಚ ಎಷ್ಟೆಂದರೆ, "ಚೆನ್ನಾಗಿದೀಯೇನಯ್ಯಾ" ಅಂದರೂ ಅವನ ಕಿವಿ ಕೆಂಪಾಗುತ್ತದೆ. ಹೋದ ಕ್ರಿಸ್ಮಸ್‌ನ ಹಿಂದಿನ ದಿನ ಆರ್ಡಿಸ್ ಮನೆಯ ಗುಂಡಿ ಉಕ್ಕಿ ಹರಿಯಿತು. ಎಲ್ರಾಯ್ ಹಬ್ಬದ ಊಟ ಬಿಟ್ಟು ಬಂದು ಕೆಲಸ ಮಾಡಿಕೊಟ್ಟ. ಇವಳು ಗಾಜಿನ ತಟ್ಟೆಯಲ್ಲಿ ಮಾಂಸ, ಆಲೂಗೆಡ್ಡೆ ಸೇರಿಸಿ ಬೇಯಿಸಿದ ಬಿಸಿ ಬಿಸಿ ಹಾಟ್‌ಡಿಶ್ ಕೊಟ್ಟು ಕಳಿಸಿದಳು. ತಟ್ಟೆಯ ಅಡಿಯಲ್ಲಿ ಬಿಳಿ ಪಟ್ಟಿ, ಪಟ್ಟಿಯ ಮೇಲೆ ಅವಳ ಹೆಸರು. ನಮ್ಮಲ್ಲಿ ಎಲ್ಲರ ಪಾತ್ರೆಗೂ ಹಾಗೇ.

ಅಲ್ಲಿಗೆ ಶುರುವಾಯಿತು. ಯಾಕೆಂದರೆ ನಮ್ಮಲ್ಲಿ ಪಾತ್ರೆಯನ್ನು ಖಾಲಿ ವಾಪಸ್ ಕೊಡುವಂತಿಲ್ಲ. ಬೈಬಲಿನಲ್ಲಿ ಹೀಗೆ ಬರೆದಿಲ್ಲ, ಆದರೆ ಬೈಬಲಿನಲ್ಲಿ ಬರೆದದ್ದನ್ನು ನಾವು ಆಗಾಗ ಮರೆಯುತ್ತೇವೆ, ಇದನ್ನು ಮರೆಯುವುದಿಲ್ಲ. ಎಲ್ರಾಯ್ ಗುರುವಾರ ಅವಳ ತಟ್ಟೆ ತೊಳೆದು, ಅದರಲ್ಲಿ ತಾನು ಹಿಡಿದ ಮೀನನ್ನು ಉಪ್ಪಿನಕಾಯಿ ಹಾಕಿದ ಭರಣಿ ಇಟ್ಟು ತಂದ. ಈಗ ಭರಣಿ ಅವನದಲ್ಲವೇ? ಮುಂದಿನ ಗುರುವಾರ ಇವಳು ಅದರಲ್ಲಿ ಬೀಟ್‌ರೂಟ್ ತುಂಬಿ ಕೊಟ್ಟಳು, ಜೊತೆಗೆ ಒಂದು ಡಬ್ಬಿ ಬಿಸ್ಕತ್ತು. ಅವಳ ಡಬ್ಬಿಗೆ ಅವನು ಜೇನು. ಅವನ ಸೀಸೆಗೆ ಇವಳು ಸೂಪು. ಚಳಿಗಾಲ ಹೋಯಿತು, ಬೇಸಿಗೆ ಬಂತು, ಗುರುವಾರ ಗುರುವಾರ ಹಸಿರು ಟ್ಯಾಂಕರ್ ಅವಳ ಮನೆಯ ಮುಂದೆ. ಬಾಗಿಲಲ್ಲೇ ನಿಂತು ಹವಾಮಾನದ ಬಗ್ಗೆ ನಾಲ್ಕು ಮಾತು, ಒಂದು ಪಾತ್ರೆ ಒಳಗೆ, ಒಂದು ಪಾತ್ರೆ ಹೊರಗೆ. ಅವನು ಒಳಗೆ ಬರುತ್ತಿರಲಿಲ್ಲ. ಇವಳು ಕರೆಯುತ್ತಿರಲಿಲ್ಲ. ಅವನು ಹೋದ ಮೇಲೆ ಬಾಗಿಲು ಹಾಕದೆ ನಿಂತೇ ಇರುತ್ತಿದ್ದಳು. ಬುಧವಾರ ನನ್ನ ಪಾರ್ಲರಿಗೆ ಬಂದು ತಲೆ ಸರಿ ಮಾಡಿಸಿಕೊಳ್ಳುವ ಹೊಸ ಅಭ್ಯಾಸವೂ ಶುರುವಾಯಿತು.

ಊರು ಇದನ್ನೆಲ್ಲ ನೋಡಲಿಲ್ಲವೇ? ನೋಡಿತು. ನೋಡಿ, ಅವಳ ಶೌಚಗುಂಡಿ ಕೆಟ್ಟಿದೆ ಅಂತ ತೀರ್ಮಾನಿಸಿತು. "ಪಾಪ ಆರ್ಡಿಸ್, ವಾರ ವಾರ ಟ್ಯಾಂಕರ್ ಬರುತ್ತೆ, ಏನು ತಿಂತಾಳೋ!" ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಪಾದ್ರಿ ಅವಳ ಕೊಳವೆಗಳಿಗಾಗಿ ಪ್ರಾರ್ಥನೆ ಮಾಡಿದ. ನಿಜ ಗೊತ್ತಿದ್ದದ್ದು ನನಗೊಬ್ಬಳಿಗೆ. ನನ್ನ ಪಾರ್ಲರ್ ಅವಳ ಮನೆಯ ಎದುರಿಗೇ ಇದೆ, ಕಿಟಕಿ ದೊಡ್ಡದು. ಕೂದಲು ಕತ್ತರಿಸುವವಳಾಗಿಯೂ ನಾನು ಇದನ್ನು ಯಾರಿಗೂ ಹೇಳಲಿಲ್ಲ. ಇದು ನಾನು ಈ ಜನ್ಮದಲ್ಲಿ ಮಾಡಿದ ಒಂದೇ ಒಂದು ತಪಸ್ಸು.

ಸೆಪ್ಟೆಂಬರಿನ ಒಂದು ಶನಿವಾರ ಮಾವಿಸ್ ಕೌದಿಗೆ ಸೂಜಿ ಚುಚ್ಚುತ್ತಾ ಬಾಯಿ ಬಿಟ್ಟಳು. ಎಲ್ರಾಯ್ ಅವಳಿಗೆ ಚಿಕ್ಕಪ್ಪನ ಮಗ.

"ನಮ್ಮ ಎಲ್ರಾಯ್‌ನ ಅವರಕ್ಕ ಡುಲೂತ್ ಪಟ್ಟಣಕ್ಕೆ ಬಂದು ಜೊತೇಲಿರು ಅಂತ ಕರೀತಾನೇ ಇದಾಳೆ. ಟ್ಯಾಂಕರ್ ಕೊಳ್ಳೋನೂ ಸಿಕ್ಕಿದಾನೆ. ಇವನು ಹೋಗ್ತಾನಾ? 'ಯಾರಿಗೋ ಒಂದು ಪಾತ್ರೆ ವಾಪಸ್ ಕೊಡೋದಿದೆ' ಅಂತಾನೆ. ಯಾರಿಗೆ ಅಂದ್ರೆ ಬಾಯಿಗೆ ಬೀಗ. ಅವರಮ್ಮ ಹಂಗೆ ಬೆಳೆಸಿದಾಳೆ ಕಣ್ರೇ, ಖಾಲಿ ಪಾತ್ರೆ ಕೊಡೋಕೆ ಮನಸ್ಸು ಬರಲ್ಲ. ಯಾವಳೋ ಕೊಡ್ತಾನೇ ಇದಾಳೆ, ಇವನು ಮರ್ಯಾದೆಗೆ ಸಿಕ್ಕಿ ಒದ್ದಾಡ್ತಾ ಇದಾನೆ. ಪಾಪದ ಪ್ರಾಣಿ!"

ಎಲ್ಲರೂ ನಕ್ಕರು. ಆರ್ಡಿಸ್ ನಗಲಿಲ್ಲ. ಆ ದಿನದ ಸಿನಿಮಾದಲ್ಲಿ ನಾಯಕಿ ಖಾಲಿ ಕಪ್ಪನ್ನು ತಲೆಯ ಮೇಲೆ ಬೋರಲು ಹಾಕಿಕೊಂಡಿದ್ದರೂ ಅವಳು ತುಟಿ ಪಿಟಕ್ ಅನ್ನುತ್ತಿರಲಿಲ್ಲ.

ಮುಂದಿನ ಗುರುವಾರ ನಾನು ಕಿಟಕಿಯಿಂದ ನೋಡಿದೆ. ಎಲ್ರಾಯ್ ಅವಳ ಗಾಜಿನ ತಟ್ಟೆ ತುಂಬ ಸೇಬು ತಂದ. ಆರ್ಡಿಸ್ ಸೇಬು ಸುರಿದುಕೊಂಡು, ಅವನ ಭರಣಿ ಕೊಟ್ಟಳು. ಅವನು ಭರಣಿಯನ್ನು ಬೆಳಕಿಗೆ ಹಿಡಿದು ನೋಡಿದ. ಆಮೇಲೆ ಟೋಪಿ ಮುಟ್ಟಿ ನಮಸ್ಕಾರದ ಹಾಗೆ ಏನೋ ಮಾಡಿ, ಟ್ಯಾಂಕರ್ ಹತ್ತಿ ಹೊರಟ. ಮುಂದಿನ ವಾರ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ.

ಊರಿಗೆ ಖುಷಿಯೋ ಖುಷಿ. ಅಂಚೆ ಕಚೇರಿಯಲ್ಲಿ ಅವಳ ಕೈ ಕುಲುಕಿದರು. "ಅಂತೂ ನಿನ್ನ ಗುಂಡಿ ಸರಿ ಹೋಯ್ತಲ್ಲ ಆರ್ಡಿಸ್! ದೇವರು ದೊಡ್ಡವನು!" ಪಾದ್ರಿ ಭಾನುವಾರ ಕೃತಜ್ಞತೆಯನ್ನೂ ಅರ್ಪಿಸಿದ. ಅವಳು ಅವರೆಲ್ಲರಿಗೂ "ಹೌದು, ಸರಿಯಾಯ್ತು" ಅಂದಳು.

ಬುಧವಾರ ಅವಳು ಬಂದಳು. ತಲೆ ತೊಳೆಯುವ ಬೋಗುಣಿಗೆ ಅವಳ ಕತ್ತು ಒರಗಿಸಿ, ನೊರೆ ಹಾಕಿ, ಎರಡೂ ಕೈಯಲ್ಲಿ ತಲೆ ಗಟ್ಟಿಯಾಗಿ ಹಿಡಿದುಕೊಂಡೆ. ಇನ್ನು ಓಡಿಹೋಗುವಂತಿಲ್ಲ.

"ಈಗ ಹೇಳು. ಆ ಭರಣೀಲಿ ಏನಿತ್ತು?"

"ಯಾವ ಭರಣಿ?"

"ತಲೆ ಮುಳುಗಿಸ್ತೀನಿ ನೋಡು."

ಅವಳು ಕಣ್ಣು ಮುಚ್ಚಿಕೊಂಡಳು. "ಏನೂ ಇರ್ಲಿಲ್ಲ. ಖಾಲಿ ಕೊಟ್ಟೆ."

ನನ್ನ ಕೈಯಿಂದ ನೀರಿನ ಕೊಳವೆ ಜಾರಿ ಅವಳ ಮುಖಕ್ಕೆ ಹೊಡೆಯಿತು. "ಖಾಲಿ?! ಆರ್ಡಿಸ್! ಖಾಲಿ?! ಅದಕ್ಕಿಂತ ಕೆನ್ನೆಗೆ ಒಂದು ಬಾರಿಸಬಾರದಿತ್ತಾ?"

"ತೊಳೆದು ಒರೆಸಿ ಕೊಟ್ಟೆ ಕಣೇ."

"ಅದು ಇನ್ನೂ ಕೆಟ್ಟದ್ದು!"

ಮುಖ ಒರೆಸಿಕೊಳ್ಳುತ್ತಾ ಅವಳು ಹೇಳಿದಳು. "ಮಾವಿಸ್ ಹೇಳಿದ್ದು ನೀನೂ ಕೇಳಿದ್ಯಲ್ಲ. ಪಾಪ, ಮರ್ಯಾದೆಗೆ ಸಿಕ್ಕಿ ಬರ್ತಿದಾನೆ ಅಂತ. ಬಿಟ್ಟುಬಿಡೋಣ ಅನ್ನಿಸ್ತು. ಖಾಲಿ ಕೊಟ್ರೆ ಅವನ ಮೇಲೆ ಯಾವ ಋಣಾನೂ ಇರಲ್ಲ. ಆಮೇಲೂ ಬಂದ್ರೆ ಅವನಾಗೇ ಬಂದ ಹಾಗೆ."

"ಇದನ್ನ ಅವನಿಗೆ ಹೇಳಿದ್ಯಾ?"

"ಹೇಳೋದೇನಿದೆ? ಅರ್ಥ ಆಗಲ್ವಾ?"

ಕೇಳಿದಿರಾ? ಇವಳ ಬಾಯಲ್ಲಿ ಈ ಮಾತು! ಹೇಳೋದು ಶಾಸ್ತ್ರ, ತಿನ್ನೋದು ಬದನೇಕಾಯಿ. ನಾನು ಬೋಗುಣಿಯ ಮೇಲೆ ಬಗ್ಗಿ ಅವಳ ಕಿವಿಯಲ್ಲೇ ಕಿರುಚಿದೆ. "ಬಾಯಿ ಬಿಟ್ಟು ಕೇಳೇ ಮುಂಡೇದೇ! ಒಂದು ಮಾತು! ಒಂದೇ ಒಂದು ಮಾತು!"

ಅವಳು ನಕ್ಕುಬಿಡುತ್ತಾಳೆ ಅಂದುಕೊಂಡಿದ್ದೆ. ಇಲ್ಲ. "ಲವಾನ್, ಸಿನಿಮಾದವಳಿಗೆ ಸಣ್ಣ ವಯಸ್ಸು, ಮಾತು ಬರೆದುಕೊಡೋಕೆ ಜನ ಇದಾರೆ. ಅವನು ಒಲ್ಲೆ ಅಂದ್ರೆ ಇನ್ನೊಂದು ಸಿನಿಮಾಕ್ಕೆ ಹೋಗ್ತಾಳೆ. ನನಗೆ ಅರವತ್ತು ದಾಟಿತು. ಅವನು ಒಲ್ಲೆ ಅಂದ್ರೆ ನಾನು ಸಾಯೋತನಕ ಭಾನುವಾರ ಭಾನುವಾರ ಅವನ ಹಿಂದಿನ ಬೆಂಚಲ್ಲೇ ಕೂತು ಆ ಬೋಳು ತಲೆ ನೋಡ್ಬೇಕು. ಅದನ್ನ ಯಾವ ಸಿನಿಮಾದಲ್ಲೂ ತೋರಿಸಲ್ಲ."

"ಡುಲೂತ್‌ಗೆ ಹೋದ್ರೆ ಆ ತಲೇನೂ ಇರಲ್ಲ," ಅಂದೆ. ಅವಳನ್ನು ಎಬ್ಬಿಸಿ ಕೂರಿಸಿ ಕೂದಲು ಒಣಗಿಸಿದೆ.

ಅಕ್ಟೋಬರಿನ ಮೊದಲ ಶನಿವಾರ ಚರ್ಚಿನ ಮಾಂಸದುಂಡೆಯ ಔತಣ. ಸುತ್ತಲ ಊರುಗಳಿಂದೆಲ್ಲ ಜನ ಬರುತ್ತಾರೆ. ಮೆಟ್ಟಿಲಿಂದ ವಾಹನ ನಿಲ್ಲಿಸುವ ಅಂಗಳದವರೆಗೆ ಸಾಲು. ಅಷ್ಟು ಜನ ಒಂದೇ ದಿನ ಒಂದೇ ಶೌಚಾಲಯ ಬಳಸಿದರೆ ಏನಾಗಬೇಕೋ ಅದು ಎರಡನೆಯ ಪಂಕ್ತಿ ಕೂರುವ ಹೊತ್ತಿಗೆ ಆಯಿತು. ಮಾವಿಸ್ ಸೌಟು ಹಿಡಿದೇ ಕಿರುಚಿದಳು, "ಎಲ್ರಾಯ್‌ಗೆ ಫೋನ್ ಮಾಡ್ರೋ!"

ಹಸಿರು ಟ್ಯಾಂಕರ್ ಬಂತು. ಸಾಲಿನಲ್ಲಿ ನಿಂತವರು ಮೂಗು ಹಿಡಿದುಕೊಂಡರು, ಸಾಲು ಮಾತ್ರ ಬಿಡಲಿಲ್ಲ. ಎಲ್ರಾಯ್ ದಪ್ಪ ಕೊಳವೆ ಇಳಿಸಿ ಪಂಪು ಹಚ್ಚಿದ. ಅದರ ಸದ್ದು ಅಂದರೆ ಪಕ್ಕದವರ ಮಾತೂ ಕೇಳಿಸುವುದಿಲ್ಲ.

ನಾನು ಅಡುಗೆಮನೆಯಲ್ಲಿ ಲೆಫ್ಸೆ ರೊಟ್ಟಿಗೆ ಬೆಣ್ಣೆ ಹಚ್ಚುತ್ತಿದ್ದೆ. ಆರ್ಡಿಸ್ ಪಕ್ಕದಲ್ಲೇ ಆಲೂಗೆಡ್ಡೆ ಹಿಸುಕುತ್ತಿದ್ದಳು. "ಈ ಕೆಲಸ ಮುಗಿಸಿ ಟ್ಯಾಂಕರ್ ಮಾರಿ ಡುಲೂತ್‌ಗೆ ಹೋಗ್ತಾನಂತೆ," ಅಂತ ಯಾರೋ ಅಂದರು, "ಇದೇ ಕಡೇದು." ಆರ್ಡಿಸ್ ಹಿಸುಕುವುದನ್ನು ನಿಲ್ಲಿಸಿದಳು. ಏನನ್ನೋ ಹುಡುಕುವವಳ ಹಾಗೆ ಮೇಜಿನ ಮೇಲೆ ಕೈಯಾಡಿಸಿದಳು. ಒಂದು ತಟ್ಟೆ, ಒಂದು ಬಟ್ಟಲು, ಕೈಯಲ್ಲಿ ಹಿಡಿದು ಹೋಗಲು ಏನಾದರೂ. ಬಟ್ಟಲು ಎತ್ತಿಕೊಂಡಳು. ಅದನ್ನು ಒಂದು ಕ್ಷಣ ನೋಡಿ ಮತ್ತೆ ಕೆಳಗಿಟ್ಟಳು. ಬರಿಗೈಯಲ್ಲಿ ಮೆಟ್ಟಿಲು ಹತ್ತಿ ಹೊರಗೆ ಹೋದಳು. ನಾನು ಬೆಣ್ಣೆಯ ಚಾಕು ಹಿಡಿದೇ ಹಿಂದೆ ಓಡಿದೆ. ಬಿಡುತ್ತೇನೆಯೇ?

ಅವಳು ಅವನ ಎದುರು ಹೋಗಿ ನಿಂತಳು, ಏಪ್ರನ್ನಿನ ತುಂಬ ಆಲೂಗೆಡ್ಡೆ. ಏನೋ ಹೇಳಿದಳು. ಅವನು ಕಿವಿಗೆ ಕೈ ಹಿಡಿದ. ಇನ್ನೂ ಜೋರಾಗಿ ಹೇಳಿದಳು. ಅವನು ತಲೆಯಾಡಿಸಿದ, ಪಂಪು ತೋರಿಸಿದ. ಆರ್ಡಿಸ್ ಉಸಿರೆಳೆದುಕೊಂಡು, ಮಕ್ಕಳ ಗಲಾಟೆಯ ಮೇಲೆ ಕೂಗಿ ಕೂಗಿ ಪಳಗಿದ ಆ ಶಾಲೆಯ ಗಂಟಲನ್ನು ಪೂರ್ತಿ ತೆರೆದಳು. ಅದೇ ಹೊತ್ತಿಗೆ ಎಲ್ರಾಯ್ ಪಾಪ, ಕೇಳಿಸಲಿ ಅಂತ, ಪಂಪು ನಿಲ್ಲಿಸಿದ.

"ಭರಣಿ ಖಾಲಿ ಕೊಟ್ಟಿದ್ದು ನೀನು ಬರಬೇಡ ಅಂತಲ್ಲ! ಬರಿಗೈಯಲ್ಲಿ ಬಂದ್ರೂ ಸಾಕು ಅಂತ!"

ಸಾಲಿನಲ್ಲಿದ್ದವರೆಲ್ಲ ಮೂಗಿನಿಂದ ಕೈ ತೆಗೆದರು. ಮೇಲಿಂದ ಹಿಮವೂ ಬೀಳಲಿಲ್ಲ, ಸಂಗೀತವೂ ಏಳಲಿಲ್ಲ. ವಾಸನೆ ಇತ್ತು.

ಎಲ್ರಾಯ್‌ನ ಕಿವಿ ಕೆಂಪಾಯಿತು, ಕತ್ತು ಕೆಂಪಾಯಿತು, ಆಮೇಲೆ ಇಡೀ ಬೋಳು ತಲೆ ಬೀಟ್‌ರೂಟ್ ಆಯಿತು. ಅವನು ಕೈಗವಸು ಬಿಚ್ಚಿ, ಮತ್ತೆ ಹಾಕಿಕೊಂಡು, ಮತ್ತೆ ಬಿಚ್ಚಿದ. ಅವನ ಬಾಯಿಂದ ಅಷ್ಟು ಉದ್ದದ ಮಾತು ನಾವು ಯಾರೂ ಕೇಳಿದ್ದಿಲ್ಲ.

"ಬರ್ಬೇಕು ಅಂತಾನೇ ಇದ್ದೆ ಆರ್ಡಿಸ್. ಗುರುವಾರ ಟ್ಯಾಂಕರ್ ಹತ್ತಿ ಕೂತೂ ಕೂತಿದ್ದೆ. ಆದ್ರೆ ನಿನ್ನ ಪಾತ್ರೆ ಒಂದೂ ನನ್ನ ಮನೇಲಿ ಉಳಿದಿರ್ಲಿಲ್ಲ. ಯಾವ ನೆಪ ಹೇಳಿ ಬಾಗಿಲು ತಟ್ಲಿ?"

ನನಗೆ ಅಲ್ಲೇ ಅಳು ಬಂತು. ಇಷ್ಟು ದಿನ ಇವನು ಋಣ ತೀರಿಸಲು ಬರುತ್ತಿದ್ದಾನೆ ಅಂತ ಇವಳು. ಋಣ ತೀರಿಹೋಯಿತಲ್ಲ ಅಂತ ಮನೆಯಲ್ಲಿ ಕೂತು ಅವನು. ಈ ಇಬ್ಬರನ್ನೂ ಹಿಡಿದು ತಲೆಗೆ ತಲೆ ಢಿಕ್ಕಿ ಹೊಡೆಸಬೇಕು ಅನ್ನಿಸಿತು, ಅಪ್ಪಿಕೊಳ್ಳಬೇಕು ಅಂತಲೂ ಅನ್ನಿಸಿತು. ಚಾಕುವಿನ ಬೆಣ್ಣೆ ನನ್ನ ಗಲ್ಲಕ್ಕೆ ಮೆತ್ತಿಕೊಂಡಿತು.

"ನೆಪ ಬೇಡ," ಅಂದಳು ಆರ್ಡಿಸ್. ಈಗ ಅವಳ ಧ್ವನಿ ಸಣ್ಣಗಾಗಿತ್ತು. "ಗುರುವಾರ ಬಿಡುವಿದ್ಯಾ?"

"ಡುಲೂತ್‌ಗೆ ಫೋನ್ ಮಾಡೋದೊಂದಿದೆ," ಅಂದ ಎಲ್ರಾಯ್. "ಬರಲ್ಲ ಅಂತ ಹೇಳ್ಬೇಕು. ಆಮೇಲೆ ಬಿಡುವೇ."

ಆಗ ಸಾಲಿನ ಮಧ್ಯದಿಂದ ಅಂಚೆ ಕಚೇರಿಯ ಮುದುಕ ಬೆಚ್ಚಿಬಿದ್ದವನ ಹಾಗೆ ಕೂಗಿದ. "ಹಂಗಾದ್ರೆ ಅವಳ ಗುಂಡಿ ಮೊದಲಿಂದ್ಲೂ ಸರಿಯಿತ್ತಾ?!"

ನಕ್ಕೆವು ನೋಡಿ, ಹೊಟ್ಟೆ ಹುಣ್ಣಾಗುವಷ್ಟು. ಪಾದ್ರಿ ಮೆಟ್ಟಿಲ ಮೇಲೇ ಕೂತುಬಿಟ್ಟ. ವ್ಯರ್ಥವಾಗಿ ಹೋದ ತನ್ನ ಪ್ರಾರ್ಥನೆಗಳು ನೆನಪಾಗಿರಬೇಕು. ಮಾವಿಸ್ ಸೌಟಿನಿಂದ ಹಣೆ ಹಣೆ ಚಚ್ಚಿಕೊಂಡಳು. "ಯಾವಳೋ ಅಂದೆನಲ್ಲೇ, ಇವಳೇನೇ ಅವಳು! ಇದನ್ನ ಟಿವೀಲಿ ತೋರಿಸಿದ್ರೆ ನಾನು ನಂಬ್ತಾನೇ ಇರ್ಲಿಲ್ಲ." ಎಲ್ರಾಯ್ ಮತ್ತೆ ಪಂಪು ಹಚ್ಚಿದ, ಆರ್ಡಿಸ್ ಮತ್ತೆ ಆಲೂಗೆಡ್ಡೆಗೆ ಹೋದಳು. ಮೂರನೆಯ ಪಂಕ್ತಿ ಕೂರಿಸಬೇಕಿತ್ತಲ್ಲ.

ಗುರುವಾರ ನಾನು ಒಬ್ಬ ಗಿರಾಕಿಯನ್ನೂ ಒಪ್ಪಿಕೊಳ್ಳಲಿಲ್ಲ. ಕಿಟಕಿ ಒರೆಸುವುದಿತ್ತು. ಹಸಿರು ಟ್ಯಾಂಕರ್ ಬಂತು. ಎಲ್ರಾಯ್ ಇಳಿದ, ಬರಿಗೈ. ಆ ಕೈಗಳನ್ನು ಎಲ್ಲಿಡಬೇಕೆಂದೇ ಅವನಿಗೆ ತಿಳಿಯದು. ಜೇಬಿಗೆ ಹಾಕಿದ, ತೆಗೆದ, ಬೆನ್ನ ಹಿಂದೆ ಕಟ್ಟಿದ. ಕಡೆಗೆ ಒಂದರಿಂದ ಬಾಗಿಲು ತಟ್ಟಿದ. ಬಾಗಿಲು ತೆರೆಯಿತು. ಹತ್ತು ತಿಂಗಳು ಹೊಸ್ತಿಲ ಹೊರಗೇ ನಿಂತವನು ಅಂದು ಒಳಗೆ ಹೋದ.

ಅವಳ ಅಡುಗೆಮನೆಯ ಮೇಜು ನನ್ನ ಕಿಟಕಿಗೆ ನೇರ. ಇಬ್ಬರೂ ಎದುರುಬದುರು ಕೂತರು. ಮಾತೇನೂ ಹೆಚ್ಚು ಆಡಿದ ಹಾಗಿರಲಿಲ್ಲ. ಅವಳು ಎರಡು ಕಪ್ಪು ತಂದಳು, ಕಣ್ಣು ಕಪ್ಪಿನ ಮೇಲೇ ನೆಟ್ಟು, ಹೆಜ್ಜೆ ಅಳೆದು ಅಳೆದು ಇಡುತ್ತಾ. ಅವನು ತನ್ನದನ್ನು ಎರಡೂ ಕೈಯಿಂದ ಹಿಡಿದು ಮೆಲ್ಲಗೆ ಎತ್ತಿದ, ಅಂಚಿಗೆ ತುಟಿ ತಂದು ಊದಿದ. ಆದರೂ ಒಂದು ಹನಿ ಅವನ ಚೌಕುಳಿ ಅಂಗಿಯ ಮೇಲೆ ಚೆಲ್ಲಿತು. ಆರ್ಡಿಸ್ ತಲೆ ಹಿಂದಕ್ಕೆ ಹಾಕಿ ನಕ್ಕಳು. ನಕ್ಕು, ಎದುರುಗಡೆ ಕಿಟಕಿಯಲ್ಲಿ ನಾನು ಇರುತ್ತೇನೆ ಅಂತ ಗೊತ್ತಿದ್ದೇ, ತನ್ನ ಕಪ್ಪನ್ನು ನನ್ನ ಕಡೆಗೆ ಎತ್ತಿ ತೋರಿಸಿದಳು. ನಿಧಾನವಾಗಿ, ತುಳುಕದ ಹಾಗೆ. ತುಂಬಿತ್ತು.